ಕವಾಯತಿನ ಅರ್ಧ ವರ್ಷ

ವರ್ಲೀನ್ ಮಾರೆಕ್ ನಮ್ಮ ನೋವಿ ಕ್ರೀಕ್ ಊರಿನ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳ ಅಂಕಪಟ್ಟಿ ಬರೆದಳು. ಅದೇ ಆಫೀಸಿನಲ್ಲಿ, ಅವಳ ಮೇಜಿಗೆ ಬೆನ್ನು ಹಾಕಿಕೊಂಡು, ಅಷ್ಟೇ ವರ್ಷ ನಾನು ಹಾಜರಿ ನೋಡಿಕೊಂಡೆ. ನನ್ನ ಹೆಸರು ಡಾರತಿ, ಮಕ್ಕಳಿಗೆ ಡಾಟ್ ಮಿಸ್. ಸುಳ್ಳು ಹೊಟ್ಟೆನೋವುಗಳನ್ನೂ, ಜಿಂಕೆ ಬೇಟೆ ಶುರುವಾದ ದಿನವೇ ಸಾಯುವ ಅಜ್ಜಂದಿರನ್ನೂ ನೋಡಿ ನೋಡಿ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ವರ್ಲೀನಳಿಗೆ ಸಿಟ್ಟು ಬಂದದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಕೌಂಟರಿನ ಗಾಜಿನಾಚೆ ಯಾರೇ ನಿಂತಿರಲಿ, ಅವರ ಕೆಲಸ ಮುಗಿಸಿ ಕಳಿಸಿ, ಒಂದೇ ದನಿಯಲ್ಲಿ "ಮುಂದಿನವರು ಬನ್ನಿ" ಅನ್ನುತ್ತಿದ್ದಳು.

ಅವಳಿಗೆ ಆ ಕುರ್ಚಿ ಸಿಕ್ಕಿದ್ದೇ ಒಂದು ರಾದ್ಧಾಂತದಿಂದ. ಅವಳಿಗಿಂತ ಮುಂಚೆ ಇದ್ದಾಕೆ ತನ್ನ ತಮ್ಮನ ಮಗನ ಎರಡು ಬಿ ಗಳನ್ನು ಎ ಮಾಡಿ, ಹುಡುಗನನ್ನು ಆರನೇ ರ‍್ಯಾಂಕಿನಿಂದ ಎರಡಕ್ಕೆ ಏರಿಸಿ ಸಿಕ್ಕಿಬಿದ್ದಳು. ಕೆಲಸ ಹೋಯಿತು, ಗಂಡ ಹೆಂಡತಿ ಊರೇ ಬಿಟ್ಟರು. ಹಾಗಾಗಿ ವರ್ಲೀನ್ ಬಂದ ಮೊದಲ ದಿನದಿಂದಲೇ ಊರೆಲ್ಲ ಅವಳ ಕೈಯನ್ನು ನೋಡುತ್ತಿತ್ತು. ಅವಳಿಗೂ ಅದು ಗೊತ್ತಿತ್ತು. ಪ್ರತಿ ಮಗುವಿನ ಪಟ್ಟಿಯನ್ನು ಮೂರು ಸಲ ತಾಳೆ ನೋಡುತ್ತಿದ್ದಳು, ಮೂರನೇ ಸಲ ಕೆಳಗಿನಿಂದ ಮೇಲಕ್ಕೆ.

ಈ ರ‍್ಯಾಂಕಿನ ಲೆಕ್ಕವನ್ನು ಒಂದಿಷ್ಟು ಹೇಳಲೇಬೇಕು, ಇಲ್ಲದಿದ್ದರೆ ವರ್ಲೀನಳ ಕಥೆ ಕಥೆಯೇ ಅಲ್ಲ. ನಮ್ಮಲ್ಲಿ ಸಾಧಾರಣ ಕ್ಲಾಸಿನಲ್ಲಿ ಎ ಬಂದರೆ ನಾಲ್ಕು. ಎ.ಪಿ. ಕ್ಲಾಸಿನಲ್ಲಿ, ಅಂದರೆ ಕಾಲೇಜಿನ ಪಾಠವನ್ನು ಹೈಸ್ಕೂಲಿನಲ್ಲೇ ಅರೆದು ಕುಡಿಸುವ ಕ್ಲಾಸಿನಲ್ಲಿ, ಎ ಬಂದರೆ ಐದು. ಎಲ್ಲವನ್ನೂ ಕೂಡಿಸಿ ಭಾಗಿಸಿದರೆ ಸರಾಸರಿ. ಜಾಣ ಮಕ್ಕಳ ಸರಾಸರಿ ನಾಲ್ಕೂವರೆಯ ಆಸುಪಾಸು ಓಡಾಡುತ್ತದೆ. ಅಂಥ ಮಗು ಸಂಗೀತವನ್ನೋ ಅಡುಗೆಯನ್ನೋ ಕಲಿಯಲು ಹೋಗಿ ಅಲ್ಲಿ ಪೂರ್ತಿ ಅಂಕ ತೆಗೆದರೂ ಸಿಗುವುದು ನಾಲ್ಕೇ, ಸರಾಸರಿ ಇಳಿಯುತ್ತದೆ. ಗಟ್ಟಿ ಕಾಫಿಗೆ ಎಷ್ಟೇ ಒಳ್ಳೆಯ ನೀರು ಬೆರೆಸಿದರೂ ಕಾಫಿ ತೆಳ್ಳಗಾಗುವ ಹಾಗೆ.

ಒಂದು ವರ್ಷ ಟ್ರಾವಿಸ್ ಅನ್ನುವ ಹುಡುಗ ಕೌಂಟರಿಗೆ ಬಂದ.

"ಮಿಸ್, ಅಡುಗೆ ಕ್ಲಾಸ್ ಬಿಡ್ಬೇಕು."

"ಯಾಕೋ? ಎ ಇದೆಯಲ್ಲ?" ಎಂದಳು ವರ್ಲೀನ್.

"ಅದಕ್ಕೇ ಮಿಸ್. ಎ ಬರ್ತಿದೆ, ಸರಾಸರಿ ಬೀಳ್ತಿದೆ."

"ಅದರ ಬದಲು ಏನು ತಗೋತೀಯ?"

"ಏನೂ ಇಲ್ಲ. ಖಾಲಿ ಪೀರಿಯಡ್. ಮನೆಗೆ ಹೋಗಿ ಮಲಗ್ತೀನಿ."

ನನಗೆ ತಡೆಯಲಾಗಲಿಲ್ಲ. "ನಿನ್ನ ಹೆಂಡ್ತಿ ಮುಂದೆ ನಿನ್ನ ಸರಾಸರಿ ಹುರಿದು ಬಡಿಸ್ತಾಳೆ, ತಿನ್ನು" ಎಂದು ನನ್ನ ಮೇಜಿನಿಂದಲೇ ಕೂಗಿದೆ. ಹುಡುಗ ನಕ್ಕು ಹೋದ. ಮಲಗಿದವನ ಸರಾಸರಿ ಬೀಳುವುದಿಲ್ಲ, ಮೀನು ಹುರಿಯಲು ಕಲಿತವನದು ಬೀಳುತ್ತದೆ. ಈ ಲೆಕ್ಕ ಕಂಡುಹಿಡಿದವರನ್ನು ನನ್ನ ಕೈಗೆ ಕೊಟ್ಟಿದ್ದರೆ ಕಿವಿ ಹಿಂಡಿ ಆ ಅಡುಗೆ ಕ್ಲಾಸಿನಲ್ಲೇ ಒಂದು ವರ್ಷ ಕೂರಿಸುತ್ತಿದ್ದೆ.

ಆದರೆ ಮಕ್ಕಳನ್ನು ಬೈದು ಪ್ರಯೋಜನವಿರಲಿಲ್ಲ. ನಮ್ಮ ರಾಜ್ಯದ ಕಾನೂನಿನಂತೆ ತರಗತಿಯ ಮೊದಲ ಹತ್ತನೇ ಒಂದು ಭಾಗದಲ್ಲಿ ಬಂದವರಿಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ತಾನಾಗಿ ಸಿಗುತ್ತಿತ್ತು. ಅವರನ್ನು ಯಾರೂ ಏನೂ ಕೇಳುವಂತಿಲ್ಲ. ಉಳಿದವರು ಅರ್ಜಿ ಹಾಕಿ ದೇವರ ಮೇಲೆ ಭಾರ ಹಾಕಬೇಕು. ನಮ್ಮದು ಸಣ್ಣ ಶಾಲೆ. ಹನ್ನೊಂದನೆಯವರಿಗೂ ಹನ್ನೆರಡನೆಯವರಿಗೂ ನಡುವೆ ಬೀಳುವ ಗೆರೆಯನ್ನು ಎಳೆಯುತ್ತಿದ್ದವಳು ವರ್ಲೀನ್.

ಅವಳ ಒಬ್ಬಳೇ ಮಗಳು ಕೊರಿನ್. ತಂದೆ ಲೆನರ್ಡ್ ಜಲ್ಲಿ ಲಾರಿ ಓಡಿಸುತ್ತಿದ್ದ. ಹುಡುಗಿ ಚಿಕ್ಕಂದಿನಿಂದ ಆ ಲಾರಿಯಲ್ಲಿ ಕೂತು ಕ್ವಾರಿಗೆ ಹೋಗಿ ಜೇಬು ತುಂಬ ಕಲ್ಲು ತರುತ್ತಿದ್ದಳು. ಬಟ್ಟೆ ಒಗೆಯುವ ಮಿಷನ್ನು ಕಲ್ಲು ಸಿಕ್ಕಿ ಎರಡು ಸಲ ಕೆಟ್ಟಿತ್ತು. ಭೂಗರ್ಭಶಾಸ್ತ್ರ ಓದಬೇಕು, ಅದೂ ರಾಜ್ಯದ ದೊಡ್ಡ ವಿಶ್ವವಿದ್ಯಾಲಯದಲ್ಲೇ ಓದಬೇಕು ಅನ್ನುವುದು ಅವಳ ಹಟ. ಇನ್ನೊಂದು ಹಟ ಟ್ರಾಂಬೋನ್, ಶಾಲೆಯ ಬ್ಯಾಂಡಿನಲ್ಲಿ ಊದುವ ಉದ್ದನೆಯ ಹಿತ್ತಾಳೆ ವಾದ್ಯ. ಬ್ಯಾಂಡ್ ಬಿಟ್ಟರೆ ರ‍್ಯಾಂಕು ಏರುತ್ತದೆ ಎಂದು ಗೆಳತಿಯರೆಲ್ಲ ಹೇಳಿದರೂ ನಾಲ್ಕು ವರ್ಷವೂ ಬಿಡಲಿಲ್ಲ. ಅವಳ ಜೊತೆಯ ಜಾಣರು ಒಬ್ಬೊಬ್ಬರೇ ಬ್ಯಾಂಡಿನಿಂದ ಜಾರಿಕೊಂಡು ಎ.ಪಿ. ಕ್ಲಾಸುಗಳಲ್ಲಿ ಹೋಗಿ ಕೂತರು. ಇವಳು ಎರಡನ್ನೂ ಹೊತ್ತಳು.

ಮಗಳು ಹೈಸ್ಕೂಲಿಗೆ ಬಂದ ದಿನ ವರ್ಲೀನ್ ಎರಡು ನಿಯಮ ಮಾಡಿದಳು. ಒಂದು, ಕೌಂಟರಿನಲ್ಲಿ ಅಮ್ಮ ಅನ್ನುವಂತಿಲ್ಲ, ಎಲ್ಲರ ಹಾಗೆ "ಮಾರೆಕ್ ಮಿಸ್" ಅನ್ನಬೇಕು, ಬನ್ನಿ ಹೋಗಿ ಎಂದೇ ಮಾತಾಡಬೇಕು. ಹುಡುಗಿಗೆ ಅದು ತಮಾಷೆ. "ಮಾರೆಕ್ ಮಿಸ್, ತಾವು ಬೆಳಿಗ್ಗೆ ನನ್ನ ಊಟದ ಡಬ್ಬಿ ಮನೇಲೇ ಮರೆತು ಬಂದ್ರಂತೆ" ಎಂದು ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದಳು. ಎರಡನೆಯ ನಿಯಮ, ಮಗಳ ಫೈಲನ್ನು ತಾನು ಮುಟ್ಟುವುದಿಲ್ಲ. ಅದನ್ನು ಪಕ್ಕದ ಮಿಡ್ಲ್ ಸ್ಕೂಲಿನ ಗುಮಾಸ್ತೆ ಪೆಗ್ಗಿಗೆ ಒಪ್ಪಿಸಿದಳು. ನಾಳೆ ಯಾರೂ ಬೆರಳು ಮಾಡಿ ತೋರಿಸಬಾರದಲ್ಲ.

ಪೆಗ್ಗಿ ಒಳ್ಳೆಯವಳು, ಪಾಪ. ಆದರೆ ಅವಳ ಶಾಲೆಯ ಬ್ಯಾಂಡು ಕುರ್ಚಿಯಲ್ಲಿ ಕೂತು ನುಡಿಸುತ್ತದೆ, ಮೈದಾನಕ್ಕೆ ಇಳಿಯುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಆಗಸ್ಟಿನ ಉರಿಬಿಸಿಲಿನಿಂದ ಫುಟ್‌ಬಾಲ್ ಪಂದ್ಯಗಳು ಮುಗಿಯುವ ತನಕ ಮಕ್ಕಳು ವಾದ್ಯ ಹೊತ್ತು ಮೈದಾನದ ಉದ್ದಕ್ಕೂ ಕವಾಯತು ಮಾಡುತ್ತಾರೆ. ಆ ಅರ್ಧ ವರ್ಷವನ್ನು ಪಿ.ಟಿ. ಎಂದು ಬರೆದುಕೊಳ್ಳಬೇಕು, ಅದೂ ಮೊದಲ ಎರಡು ವರ್ಷದ ಕವಾಯತು ಮಾತ್ರ. ಪಿ.ಟಿ. ಅಂಕ ಸರಾಸರಿಗೆ ಸೇರುವುದಿಲ್ಲ. ಕ್ರಿಸ್‌ಮಸ್ ಆದ ಮೇಲೆ ಒಳಗೆ ಕೂತು ನುಡಿಸುವ ಅರ್ಧ ವರ್ಷ ಸಂಗೀತ, ಅದು ಸೇರುತ್ತದೆ. ಅದೇ ಮಕ್ಕಳು, ಅದೇ ಮೇಷ್ಟ್ರು, ಅದೇ ಟ್ರಾಂಬೋನ್, ಹೆಸರು ಎರಡು. ಪೆಗ್ಗಿ ಕೊರಿನಳ ಒಂಬತ್ತನೇ ತರಗತಿಯ ಕವಾಯತನ್ನು ಸಂಗೀತ ಎಂದು ಬರೆದುಬಿಟ್ಟಳು. ಮರುವರ್ಷ ಯಾರೋ ಹೇಳಿದ್ದಕ್ಕೆ ಸರಿಯಾಗಿ ಬರೆದಳು, ಹಿಂದಿನದನ್ನು ತಿರುಗಿ ನೋಡಲಿಲ್ಲ.

ಕೊರಿನ್ ಹನ್ನೆರಡನೇ ತರಗತಿಗೆ ಬಂದ ವರ್ಷ ನೂರ ಹನ್ನೆರಡು ಮಕ್ಕಳಿದ್ದರು. ಸೆಪ್ಟೆಂಬರ್ ಕೊನೆಗೆ, ಆ ಸೀಟಿಗೆ ಲೆಕ್ಕವಾಗುವ ರ‍್ಯಾಂಕಿನ ಕಾಗದಗಳು ಮನೆಮನೆಗೆ ಹೋದವು. ಹನ್ನೊಂದನೆಯವನು ರೂಬೆನ್ ಸೆರ್ನಾ, ಸರಾಸರಿ ನಾಲ್ಕು ಪಾಯಿಂಟ್ ನಾಲ್ಕು ಒಂದು ಎಂಟು. ಹನ್ನೆರಡನೆಯವಳು ಕೊರಿನ್, ನಾಲ್ಕು ಪಾಯಿಂಟ್ ನಾಲ್ಕು ಒಂದು ಎರಡು. ರೂಬೆನ್ ನಮ್ಮ ಶಾಲೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಎಲ್ವಾಳ ಮಗ. ಎಲ್ವಾ ಮರುದಿನ ಒಂದು ದೊಡ್ಡ ತಟ್ಟೆ ತಮಾಲೆ, ಅಂದರೆ ಜೋಳದ ಹಿಟ್ಟಿನ ಕಡುಬು, ಮಾಡಿ ತಂದು ಆಫೀಸಿನಲ್ಲಿ ಎಲ್ಲರಿಗೂ ಹಂಚಿದಳು. ಅವಳ ಮನೆಯಲ್ಲಿ ಹೈಸ್ಕೂಲು ದಾಟಿದವರೇ ಇರಲಿಲ್ಲ. ವರ್ಲೀನ್ ಎರಡು ತಮಾಲೆ ತಿಂದು, "ತುಂಬ ಚೆನ್ನಾಗಿದೆ ಎಲ್ವಾ" ಎಂದಳು. ಅವಳು ಮನಸಾರೆ ಹೇಳಿದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ.

ಅಕ್ಟೋಬರ್ ಎರಡನೇ ವಾರ, ಪಾಸಾಗಲು ಯಾರ್ಯಾರಿಗೆ ಏನೇನು ಕೊರತೆಯಿದೆ ಎಂದು ಕಂಪ್ಯೂಟರು ಪಟ್ಟಿ ಕೊಟ್ಟಿತು. ಅದರಲ್ಲಿ ಕೊರಿನ್ ಮಾರೆಕ್, ಪಿ.ಟಿ. ಅರ್ಧ ವರ್ಷ ಬಾಕಿ ಎಂದಿತ್ತು. ಪೆಗ್ಗಿ ಆ ವಾರ ರಜೆಯಲ್ಲಿದ್ದಳು. ವರ್ಲೀನ್ ಮೊದಲ ಸಲ ಮಗಳ ಫೈಲು ತೆಗೆದಳು. ಮಧ್ಯಾಹ್ನದ ಊಟದ ಗಂಟೆ ಹೊಡೆದರೂ ಏಳಲಿಲ್ಲ. ನಾನು ಕುರ್ಚಿ ತಿರುಗಿಸಿ ನೋಡಿದೆ.

"ಏನೇ ಅದು? ಹಾಗೆ ಕೂತಿದ್ದೀಯ?"

"ಡಾಟ್, ಒಂದು ತಪ್ಪಾಗಿದೆ" ಎಂದಳು. ಪೆನ್ಸಿಲಿನ ತುದಿಯಿಂದ ಆ ಸಾಲು ತೋರಿಸಿದಳು. ಪಕ್ಕದ ಚೀಟಿಯಲ್ಲಿ ಆ ನಾಲ್ಕನ್ನು ಕಳೆದು ಮತ್ತೆ ಭಾಗಿಸಿದ್ದಳು. ಉತ್ತರ ನಾಲ್ಕು ಪಾಯಿಂಟ್ ನಾಲ್ಕು ಎರಡು ಮೂರು.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆದ ಮೇಲೆ ಕೂಗಿಯೇಬಿಟ್ಟೆ. "ಹಾಗಾದ್ರೆ ಕೊರಿನ್ ಹನ್ನೊಂದನೆಯವಳು ಕಣೆ! ತಿದ್ದು, ಏನು ನೋಡ್ತಿದ್ದೀಯ?"

"ಮೆಲ್ಲಗೆ ಮಾತಾಡು. ಎಲ್ವಾ ಪಕ್ಕದ ಕ್ಯಾಂಟೀನಿನಲ್ಲೇ ಇದ್ದಾಳೆ."

"ಪ್ರಿನ್ಸಿಪಾಲರ ಹತ್ರ ತಗೊಂಡು ಹೋಗು. ಪೆಗ್ಗಿ ತಪ್ಪು ಬರೆದಿದ್ದಾಳೆ, ನೀನಲ್ಲ. ಕಾಗದದಲ್ಲೇ ಕಣ್ಣಿಗೆ ಕಾಣೋ ಹಾಗಿದೆ."

"ಹೋದ್ರೆ ತಿದ್ದಿ ಅಂತಾರೆ. ನನಗೆ ಗೊತ್ತು."

"ಮತ್ತೆ?"

"ತಿದ್ದಿದ್ರೆ ರೂಬೆನ್ ಹನ್ನೆರಡು. ಅವನಿಗೆ ಕಾಗದ ಹೋಗಿ ಎರಡು ವಾರ ಆಯ್ತು. ನಾನು ಮಗಳ ಫೈಲು ತೆಗೆದ ಮೊದಲನೇ ದಿನವೇ ಮಗಳು ಮೇಲೆ ಹೋದ್ಲು, ಅಡುಗೆಯವಳ ಮಗ ಕೆಳಗೆ ಬಂದ. ಊರು ಏನನ್ನತ್ತೆ, ಹೇಳು?"

"ಊರಿನ ಬಾಯಿಗೆ ಮಣ್ಣು ಹಾಕು! ಇದು ಬೇರೆ ಯಾರದ್ದೋ ಮಗು ಆಗಿದ್ರೆ ಏನು ಮಾಡ್ತಿದ್ದೆ?"

ಅವಳು ಯೋಚಿಸಲೂ ಇಲ್ಲ. "ಇಷ್ಟು ಹೊತ್ತಿಗೆ ತಿದ್ದಾಗಿರ್ತಿತ್ತು" ಎಂದಳು.

ಆಮೇಲೆ ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಸದ ಬುಟ್ಟಿಗೆ ಹಾಕಿದಳು. ಫೈಲನ್ನು ಅದರ ಜಾಗಕ್ಕೆ ಇಟ್ಟಳು. ಕಾಫಿ ಲೋಟ ತೊಳೆದು ತಂದಳು. "ಯಾರಿಗೂ ಹೇಳ್ಬೇಡ ಡಾಟ್, ಲೆನರ್ಡ್‌ಗೂ" ಎಂದಳು. ನಾನು ಮೂರು ದಿನ ಅವಳ ಜೊತೆ ಮಾತು ಬಿಟ್ಟೆ. ನಾಲ್ಕನೇ ದಿನ ಪ್ರಿನ್ಸಿಪಾಲರ ಬಾಗಿಲ ತನಕ ಹೋಗಿ, ಸ್ಟೇಪ್ಲರ್ ಪಿನ್ನು ಕೇಳಿ ವಾಪಸ್ ಬಂದೆ. ನನ್ನಷ್ಟು ಬಾಯಿಬಡುಕಿ ಆ ಶಾಲೆಯಲ್ಲಿ ಇನ್ನೊಬ್ಬಳಿರಲಿಲ್ಲ, ಆದರೂ ಆ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ನನ್ನ ತಪ್ಪು ನನಗೆ ಗೊತ್ತಿದೆ.

ಪಿ.ಟಿ. ಕೊರತೆಯನ್ನು ಹೇಗಾದರೂ ತುಂಬಲೇಬೇಕಲ್ಲ. ವರ್ಲೀನ್ ಮಗಳಿಗೆ, "ಅರ್ಧ ವರ್ಷದ್ದು ಕಡಿಮೆ ಇದೆಯಂತೆ, ಕ್ರಿಸ್‌ಮಸ್ ಆದ್ಮೇಲೆ ತಗೊಂಡ್ಬಿಡು" ಎಂದಳು. ಹುಡುಗಿ ಅಮ್ಮನ ಮುಖ ನೋಡಿ, "ಸರಿ" ಎಂದಳಂತೆ. ಜನವರಿಯಿಂದ ಮೇ ತನಕ ಆ ಹದಿನೆಂಟರ ಹುಡುಗಿ ಒಂಬತ್ತನೇ ತರಗತಿಯ ಚಿಳ್ಳೆಪಿಳ್ಳೆಗಳ ಜೊತೆ ಜಿಮ್ಮಿನಲ್ಲಿ ಸುತ್ತು ಹೊಡೆದಳು. ಜಿಮ್ಮಿನ ಬಾಗಿಲು ನಮ್ಮ ಆಫೀಸಿನ ಕಿಟಕಿಗೆ ಎದುರು. ಅವಳು ಪ್ರತಿ ಸುತ್ತಿಗೂ ಆ ಬಾಗಿಲ ಹತ್ತಿರ ಬಂದಾಗ ನಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು. ಅಮ್ಮನಿಗೆ ಕೈಬೀಸುತ್ತಾಳೇನೋ ಎಂದು ನಾನು ಅಂದುಕೊಂಡಿದ್ದೆ, ಆದರೆ ಅವಳು ಕೈಯೆತ್ತುತ್ತಿರಲಿಲ್ಲ. ವರ್ಲೀನ್ ಫೆಬ್ರವರಿಯಲ್ಲಿ ಕಿಟಕಿಯ ಪರದೆ ಇಳಿಸಿದಳು. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದಳು. ಅದು ಉತ್ತರದ ಕಿಟಕಿ.

ಮಾರ್ಚಿನಲ್ಲಿ ವಿಶ್ವವಿದ್ಯಾಲಯದಿಂದ ಕೊರಿನಳಿಗೆ ಒಂದೇ ಹಾಳೆಯ ಕಾಗದ ಬಂತು, ಈ ವರ್ಷ ಜಾಗವಿಲ್ಲ ಎಂದು. ಅವಳು ಹತ್ತಿರದ ಪಟ್ಟಣದಲ್ಲಿ ಎರಡು ವರ್ಷದ ಕಾಲೇಜು ಸೇರಿ, ಹಲ್ಲು ಶುಚಿಮಾಡುವ ಕೆಲಸ ಕಲಿತು, ಅಲ್ಲೇ ಒಬ್ಬ ದಂತವೈದ್ಯರ ಹತ್ತಿರ ಸೇರಿದಳು. ನನ್ನ ಹಲ್ಲನ್ನೂ ಅವಳೇ ಶುಚಿಮಾಡಿದ್ದಾಳೆ. ಕೈ ಹಗುರ. ಕಲ್ಲಿನ ಮಾತು ಅವಳ ಬಾಯಲ್ಲಿ ಮತ್ತೆ ಕೇಳಲಿಲ್ಲ, ಹಲ್ಲಿನ ಮೇಲೆ ಕಟ್ಟುವ ಕಲ್ಲು ಬಿಟ್ಟರೆ. ಇದನ್ನು ನಾನು ಒಮ್ಮೆ ತಮಾಷೆಗೆ ಆಡಿದೆ. ಅವಳೂ ನಕ್ಕಳು. ಮನೆಗೆ ಬಂದು ನಾನು ನನ್ನನ್ನೇ ಬೈದುಕೊಂಡೆ.

ರೂಬೆನ್ ಓದಿ ಎಂಜಿನಿಯರ್ ಆದ. ಹೆದ್ದಾರಿ ಇಲಾಖೆಗೆ ಸೇತುವೆ ಕಟ್ಟುತ್ತಾನೆ. ಅವನದೇನೂ ತಪ್ಪಿಲ್ಲ, ಅವನಿಗೆ ಏನೂ ಗೊತ್ತಿಲ್ಲ. ಪದವಿಯ ಕಪ್ಪು ಟೋಪಿ ಹಾಕಿದ ಅವನ ಫೋಟೋವನ್ನು ಎಲ್ವಾ ಕ್ಯಾಂಟೀನಿನಲ್ಲಿ ಊಟ ಬಡಿಸುವ ಜಾಗದ ಮೇಲೆ ತೂಗುಹಾಕಿದಳು. ವರ್ಲೀನ್ ದಿನವೂ ಅದರ ಕೆಳಗೆ ತಟ್ಟೆ ಹಿಡಿದು ನಿಲ್ಲುತ್ತಿದ್ದಳು. ಮನೆಯಿಂದ ಡಬ್ಬಿ ತರಬಹುದಿತ್ತು, ತರಲಿಲ್ಲ. ಬ್ಯಾಂಡು ಕವಾಯತು ಮಾಡುವ ಶುಕ್ರವಾರದ ಫುಟ್‌ಬಾಲ್ ಆಟಕ್ಕೆ ಬರುವುದನ್ನು ಮಾತ್ರ ನಿಲ್ಲಿಸಿದಳು. ಕೇಳಿದರೆ ಮಂಡಿನೋವು ಅನ್ನುತ್ತಿದ್ದಳು. ಮುಂಚೆ ಟೈಪು ಮಾಡುವಾಗ ತನಗೆ ತಾನೇ ಏನೋ ಗುನುಗುತ್ತಿದ್ದಳು, ಅದು ಯಾವಾಗ ನಿಂತಿತೋ ನನಗೆ ತಿಳಿಯದು. ಅಳಲಿಲ್ಲ, ಕೊರಗಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದಾಗ ದವಡೆ ಮರಗಟ್ಟುತ್ತದಲ್ಲ, ಅವಳು ಇಡೀ ಹಾಗಾದಳು. ಪಕ್ಕದಲ್ಲಿ ಕೂತು ಕೂತು ನನಗೂ ಅಷ್ಟಿಷ್ಟು ಹಿಡಿಯಿತು. ಸುಳ್ಳು ಹೊಟ್ಟೆನೋವಿನವರನ್ನು ನಾನು ಬೈಯದೆ ಮನೆಗೆ ಕಳಿಸತೊಡಗಿದೆ.

ಹೀಗೆ ಒಂಬತ್ತು ವರ್ಷ ಕಳೆಯಿತು. ವರ್ಲೀನಳ ನಿವೃತ್ತಿಗೆ ಇನ್ನು ನಾಲ್ಕು ದಿನ. ಜೂನ್ ತಿಂಗಳು, ಶಾಲೆಯಲ್ಲಿ ಮಕ್ಕಳಿಲ್ಲ. ಬೆಳಿಗ್ಗೆ ಹತ್ತಕ್ಕೆ ಕೊರಿನ್ ಕೌಂಟರಿಗೆ ಬಂದಳು, ಕ್ಲಿನಿಕ್ಕಿನ ನೀಲಿ ಅಂಗಿಯಲ್ಲೇ.

"ಅಮ್ಮ, ನನ್ನ ಅಂಕಪಟ್ಟಿ ಬೇಕು" ಎಂದಳು. ಈಗ ಅವಳಿಗೆ ಆ ನಿಯಮವಿರಲಿಲ್ಲ. "ದೊಡ್ಡ ಯೂನಿವರ್ಸಿಟಿಗೆ ಮತ್ತೆ ಅರ್ಜಿ ಹಾಕ್ತಿದ್ದೀನಿ. ಕಲ್ಲು ಓದೋಕೆ."

"ಈಗಲಾ?" ಎಂದಳು ವರ್ಲೀನ್.

"ಇಪ್ಪತ್ತೇಳೇನು ಮುದುಕಿ ವಯಸ್ಸಾ? ಡಾಟ್ ಮಿಸ್, ನೀವೇ ಹೇಳಿ."

"ನನ್ನನ್ನು ಕೇಳ್ಬೇಡಮ್ಮ, ನನಗೆ ಈಗ ಹಲ್ಲೇ ಇಲ್ಲ" ಎಂದೆ. ಮೂವರೂ ನಕ್ಕೆವು. ಎಷ್ಟೋ ವರ್ಷದ ಮೇಲೆ ಆ ಆಫೀಸಿನಲ್ಲಿ ವರ್ಲೀನಳ ನಗು ಕೇಳಿತು.

ಅವಳು ಪಟ್ಟಿ ತೆಗೆದು, ಮೊಹರು ಒತ್ತಿ, ಮಗಳು ಒಮ್ಮೆ ಓದಿ ನೋಡಲಿ ಎಂದು ಗಾಜಿನ ಕೆಳಗಿನ ಕಂಡಿಯಿಂದ ದೂಡಿದಳು. ಎಲ್ಲರಿಗೂ ಹಾಗೇ ಮಾಡುತ್ತಿದ್ದಳು. ಓದಿ ವಾಪಸ್ ಕೊಟ್ಟ ಮೇಲೆ ಲಕೋಟೆಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಅಡ್ಡಲಾಗಿ ಸಹಿ ಹಾಕಬೇಕು. ಆಮೇಲೆ ಒಡೆದರೆ ಅದು ನಡೆಯುವುದಿಲ್ಲ.

ಕೊರಿನ್ ಓದಿದಳು. ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಇದು ಇನ್ನೂ ಹಾಗೇ ಇದೆ" ಎಂದಳು, ನಗುತ್ತಲೇ. "ಒಂಬತ್ತನೇ ಕ್ಲಾಸಿನ ಕವಾಯತು. ಇದನ್ನ ಸಂಗೀತ ಅಂತ ಬರ್ದಿದ್ದಾರೆ ನೋಡು."

ನನ್ನ ಕೈಯಲ್ಲಿದ್ದ ಹಾಜರಿ ಕಾಗದಗಳನ್ನು ನಾನು ಮೇಜಿನ ಮೇಲಿಟ್ಟೆ.

"ನಿನಗೆ ಗೊತ್ತಿತ್ತಾ?" ಎಂದಳು ವರ್ಲೀನ್.

"ಕವಾಯತು ಪಿ.ಟಿ. ಅನ್ನೋದು ಬ್ಯಾಂಡಿನವರಿಗೆಲ್ಲ ಗೊತ್ತಿರೋ ವಿಷಯ ಅಮ್ಮ. ಪಿ.ಟಿ. ಕಡಿಮೆ ಇದೆ ಅಂತ ನೀನು ಹೇಳಿದ ದಿನವೇ ಗೊತ್ತಾಯ್ತು. ಮನೇಲಿ ಕೂತು ಭಾಗಿಸಿಯೂ ನೋಡಿದೆ. ರೂಬೆನ್ ತನ್ನ ಕಾಗದ ಎಲ್ಲರಿಗೂ ತೋರಿಸಿದ್ದ. ರೂಬೆನ್‌ಗಿಂತ ಮುಂದಿದ್ದೆ."

"ಮತ್ತೆ ಯಾಕೆ ಕೇಳಲಿಲ್ಲ?"

"ನೀನೇ ನೋಡ್ತೀಯ ಅಂತ ಕಾದೆ. ಸುತ್ತು ಹೊಡೀವಾಗ ದಿನಾ ಈ ಕಿಟಕಿ ಕಡೆ ನೋಡ್ತಿದ್ದೆ, ಇವತ್ತು ಫೈಲು ತೆಗೀತಾಳೆ, ಇವತ್ತು ತೆಗೀತಾಳೆ ಅಂತ." ಅವಳು ಹೆಗಲು ಕುಣಿಸಿದಳು. "ಆಮೇಲೆ ನಿನ್ನ ನಿಯಮ ನೆನಪಾಯ್ತು. ನನ್ನ ಫೈಲು ಮುಟ್ಟಲ್ಲ ಅಂದಿದ್ದೆಯಲ್ಲ. ಸರಿ, ನಮ್ಮಮ್ಮಂಗೆ ಗೊತ್ತಿಲ್ಲ, ಗೊತ್ತಿದ್ರೆ ಬಿಡ್ತಿದ್ಲಾ ಅಂದ್ಕೊಂಡೆ. ಅದರಲ್ಲೇ ಸಮಾಧಾನ ಆಗೋಯ್ತು. ಬಿಡು, ಹಳೇ ಕಥೆ."

ಸುಮ್ಮನಿರೇ ವರ್ಲೀನ್, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಇಪ್ಪತ್ತೆಂಟು ವರ್ಷ ಪ್ರಾಮಾಣಿಕಳಾಗಿದ್ದೀಯ, ಇದೊಂದು ಸಲ ಸುಳ್ಳು ಹೇಳು. ಹೇಳಬೇಕಾಗಿಯೂ ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ.

"ನೋಡಿದ್ದೆ" ಎಂದಳು ವರ್ಲೀನ್.

ಕೊರಿನಳಿಗೆ ಕೇಳಿಸಲಿಲ್ಲವೋ ಏನೋ. "ಏನು?" ಎಂದಳು.

"ಫೈಲು ನೋಡಿದ್ದೆ. ಅಕ್ಟೋಬರ್‌ನಲ್ಲಿ. ನೀನು ಪಿ.ಟಿ.ಗೆ ಸೇರೋಕೆ ಮುಂಚೆನೇ."

ಕೊರಿನ್ ಅಮ್ಮನನ್ನು ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು, ನಾನು ತಲೆ ತಗ್ಗಿಸಿದ್ದರಿಂದ ನನಗೂ ಗೊತ್ತಿತ್ತು ಎಂದು ಅವಳಿಗೆ ತಿಳಿಯಿತು. ಅವಳು ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಅಂಕಪಟ್ಟಿಯ ಅಂಚುಗಳನ್ನು ಸರಿಮಾಡಿ, ಗಾಜಿನ ಕೆಳಗಿನಿಂದ ಒಳಗೆ ದೂಡಿದಳು.

"ಅಂಟಿಸಿ ಕೊಡಿ, ಮಾರೆಕ್ ಮಿಸ್."

ವರ್ಲೀನ್ ಪಟ್ಟಿಯನ್ನು ಮೂರು ಮಡಿಕೆ ಮಾಡಿ ಲಕೋಟೆಯಲ್ಲಿಟ್ಟಳು. ಅಂಟಿಸಿದಳು. ಅಂಟಿನ ಮೇಲೆ ಅಡ್ಡಲಾಗಿ ಸಹಿ ಹಾಕಿದಳು. ಕೊರಿನ್ ಲಕೋಟೆ ತೆಗೆದುಕೊಂಡು, "ಥ್ಯಾಂಕ್ಸ್ ಮಿಸ್" ಎಂದು ಹೇಳಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದಳು.

ವರ್ಲೀನ್ ಪೆನ್ನಿನ ಮುಚ್ಚಳ ಹಾಕಿ, "ಮುಂದಿನವರು ಬನ್ನಿ" ಎಂದಳು. ಗಾಜಿನಾಚೆ ಯಾರೂ ಇರಲಿಲ್ಲ.